ಮನೆಯೊಳಗಿನ ಪಿಸ್ತೂಲು: ನಗರದ ಕಾನೂನು ಎಲ್ಲಿಯವರೆಗೆ ಬರಬಹುದು?

ವಾಷಿಂಗ್ಟನ್ ಡಿ.ಸಿ.ಯಲ್ಲಿ ಡಿಕ್ ಹೆಲ್ಲರ್ ಎಂಬುವರು ಕಾವಲು ಕೆಲಸದಲ್ಲಿದ್ದರು. ಕೇಂದ್ರ ನ್ಯಾಯಾಂಗಕ್ಕೆ ಸೇರಿದ ಕಟ್ಟಡವೊಂದನ್ನು ಕಾಯುವುದು ಅವರ ಡ್ಯೂಟಿ. ಆ ಹೊತ್ತಿನಲ್ಲಿ ಪಿಸ್ತೂಲು ಹಿಡಿಯಲು ಸರ್ಕಾರದ ಒಪ್ಪಿಗೆಯೇ ಇತ್ತು. ಆದರೆ ತಮ್ಮ ಮನೆಯಲ್ಲೂ ಒಂದು ಇಟ್ಟುಕೊಳ್ಳುತ್ತೇನೆ ಎಂದು ಅರ್ಜಿ ಹಾಕಿದಾಗ ನಗರಾಡಳಿತ ಸಾಧ್ಯವಿಲ್ಲ ಅಂದಿತು. ಸರ್ಕಾರಿ ಕಟ್ಟಡ ಕಾಯೋಕೆ ಗನ್ ಸರಿ, ಸ್ವಂತ ಮನೆ ಕಾಯೋಕೆ ಬೇಡ. ಈ ವಿಚಿತ್ರದಿಂದ ಹುಟ್ಟಿದ ಮೊಕದ್ದಮೆ 2008ರಲ್ಲಿ ಅಮೆರಿಕದ ಗನ್ ಕಾನೂನಿನ ದಿಕ್ಕನ್ನೇ ಬದಲಿಸಿತು. ಇವತ್ತಿಗೂ ಅಲ್ಲಿನ ಪ್ರತಿ ನಗರ ಗನ್ ಬಗ್ಗೆ ಏನೇ ನಿಯಮ ಮಾಡಲು ಹೊರಟರೂ ಆ ತೀರ್ಪನ್ನು ಮೊದಲು ಓದಿಕೊಳ್ಳಬೇಕು.

ಡಿ.ಸಿ.ಯ ಕಾನೂನು ಬಂದದ್ದು 1976ರಲ್ಲಿ. ನೇರವಾಗಿ 'ಪಿಸ್ತೂಲು ನಿಷೇಧ' ಅಂತ ಅದು ಹೇಳಲಿಲ್ಲ. ನೋಂದಣಿ ಇಲ್ಲದ ಗನ್ ಇಟ್ಟುಕೊಳ್ಳುವಂತಿಲ್ಲ ಅಂದಿತು, ಪಿಸ್ತೂಲುಗಳ ಹೊಸ ನೋಂದಣಿಯನ್ನು ನಿಲ್ಲಿಸಿಬಿಟ್ಟಿತು. ಕೆಲಸ ಆಯಿತಲ್ಲ. ಉದ್ದನೆಯ ಬಂದೂಕುಗಳನ್ನು ಮನೆಯಲ್ಲಿ ಇಡಬಹುದಿತ್ತು. ಆದರೆ ಗುಂಡು ತೆಗೆದಿರಬೇಕು. ಜೊತೆಗೆ ಬಿಡಿಭಾಗಗಳನ್ನು ಬೇರೆ ಮಾಡಿಡಬೇಕು, ಇಲ್ಲವೇ ಟ್ರಿಗರ್‌ಗೆ ಬೀಗ ಹಾಕಿರಬೇಕು. ಈ ನಿಯಮದಲ್ಲಿ ಒಂದು ವಿನಾಯಿತಿ ಇತ್ತು, ನನಗೆ ಅದೇ ಬಹಳ ಮುಖ್ಯ ಅನ್ನಿಸುತ್ತದೆ. ವ್ಯಾಪಾರದ ಜಾಗದಲ್ಲಿ ಇಟ್ಟ ಬಂದೂಕಿಗೆ ಈ ಬೀಗದ ಕಟ್ಟಳೆ ಇರಲಿಲ್ಲ. ಅಂದರೆ ಅಂಗಡಿಯ ಗಲ್ಲಾಪೆಟ್ಟಿಗೆ ಕಾಯಲು ತಯಾರಾಗಿರುವ ಬಂದೂಕು ಇಡಬಹುದು, ಮಲಗಿದ ಮಕ್ಕಳನ್ನು ಕಾಯಲು ಇಡುವಂತಿಲ್ಲ. ಇಂಥದ್ದೊಂದು ಕಾನೂನನ್ನು ಕೋರ್ಟಿನಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟ.

2003ರಲ್ಲಿ ಆರು ಜನ ನಿವಾಸಿಗಳು ಮೊಕದ್ದಮೆ ಹೂಡಿದರು. ತಮ್ಮ ಬೀದಿಯ ಡ್ರಗ್ಸ್ ಮಾರುವವರ ವಿರುದ್ಧ ನಿಂತು ಬೆದರಿಕೆ ಎದುರಿಸಿದ ಮಹಿಳೆಯೊಬ್ಬರೂ ಅದರಲ್ಲಿದ್ದರು. ಕೊನೆಗೆ ಉಳಿದದ್ದು ಹೆಲ್ಲರ್ ಒಬ್ಬರೇ. ಕಾರಣ ಸರಳ: ಅರ್ಜಿ ಹಾಕಿ, ತಿರಸ್ಕಾರದ ಕಾಗದ ಕೈಯಲ್ಲಿ ಹಿಡಿದಿದ್ದವರು ಅವರು ಮಾತ್ರ. ಉಳಿದವರಿಗೆ ಮೊಕದ್ದಮೆ ಹೂಡುವ ಅರ್ಹತೆಯೇ ಇಲ್ಲ ಎಂದಿತು ಮೇಲ್ಮನವಿ ಕೋರ್ಟು.

2008ರ ಮಾರ್ಚ್ 18ರಂದು ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯಿತು. ನಗರದ ಪರ ವಕೀಲ ವಾಲ್ಟರ್ ಡೆಲಿಂಜರ್. ನಮ್ಮ ಕಾನೂನು ಅಷ್ಟೇನೂ ಕ್ರೂರವಲ್ಲ, ಪ್ರಾಣಕ್ಕೆ ಬಂದಾಗ ಬೀಗ ತೆಗೆದು ಬಂದೂಕು ಬಳಸಬಹುದು ಅಂತ ಅವರ ವಾದ. ಅಂಥ ವಿನಾಯಿತಿ ಕಾನೂನಿನಲ್ಲಿ ಬರೆದಿರಲಿಲ್ಲ, ಅದು ಸೂಚ್ಯವಾಗಿ ಇದ್ದೇ ಇದೆ ಅಂದರು. ಬೀಗ ತೆಗೆಯಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಬಂತು. ಅಂಕಿಗಳ ಬೀಗ, ನನಗೆ ಮೂರು ಸೆಕೆಂಡ್ ಸಾಕಾಯಿತು ಅಂದರು ಡೆಲಿಂಜರ್. ಹಾಗಾದರೆ ಮೊದಲು ದೀಪ ಹಾಕಬೇಕು, ಆಮೇಲೆ ಓದುವ ಕನ್ನಡಕ ಹುಡುಕಬೇಕು ಅಂತ ಪೀಠದಿಂದ ಮಾತು ಬಂದು ಕೋರ್ಟ್ ಹಾಲಿನಲ್ಲಿ ನಗು ಎದ್ದಿತು. ನಗರ ಆ ಕೇಸನ್ನು ಸೋತದ್ದು ಆ ಕ್ಷಣದಲ್ಲೇ ಅಂತ ಹೇಳಿದರೆ ಜಾಸ್ತಿಯಾಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಬಾಗಿಲು ಒಡೆಯುವ ಸದ್ದು ಕೇಳಿದವರು ಏನು ಮಾಡಬೇಕು ಅನ್ನುವುದಕ್ಕೆ ನಗರದ ಬಳಿ ಗಟ್ಟಿ ಉತ್ತರ ಇರಲಿಲ್ಲ ಅನ್ನುವುದು ಅಲ್ಲಿ ಎಲ್ಲರಿಗೂ ಕಂಡಿತು.

ಜೂನ್ 26ರಂದು ತೀರ್ಪು ಬಂತು. ಐದು ಜನ ಹೆಲ್ಲರ್ ಪರ, ನಾಲ್ಕು ಜನ ವಿರುದ್ಧ. ಬಹುಮತದ ತೀರ್ಪು ಬರೆದವರು ಆಂಟನಿನ್ ಸ್ಕಾಲಿಯಾ. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ 1791ರದ್ದು. ಅದರ ಮೊದಲ ಭಾಗ ನಾಗರಿಕ ಸೇನೆಯ ಮಾತಾಡುತ್ತದೆ, ಎರಡನೇ ಭಾಗ ಶಸ್ತ್ರ ಇಟ್ಟುಕೊಳ್ಳುವ ಜನರ ಹಕ್ಕಿನ ಮಾತಾಡುತ್ತದೆ. ಈ ಹಕ್ಕು ಸೇನೆಗಷ್ಟೇ ಸಂಬಂಧಿಸಿದ್ದೋ, ಒಬ್ಬೊಬ್ಬ ವ್ಯಕ್ತಿಯದ್ದೋ ಅನ್ನುವುದು ಇನ್ನೂರು ವರ್ಷ ಬಗೆಹರಿದಿರಲಿಲ್ಲ. ವ್ಯಕ್ತಿಯದ್ದೇ, ಅದರ ತಿರುಳು ಆತ್ಮರಕ್ಷಣೆ, ಅದಕ್ಕೆ ಅತಿ ಹೆಚ್ಚು ಬೆಲೆ ಇರುವುದು ಮನೆಯೊಳಗೆ ಎಂದರು ಸ್ಕಾಲಿಯಾ. ಹಾಗಾದರೆ ಬಂದೂಕು ಇದೆಯಲ್ಲ, ಪಿಸ್ತೂಲೇ ಏಕೆ? ತೀರ್ಪಿನ ಉತ್ತರ ಬಹಳ ಪ್ರಾಯೋಗಿಕ. ಪಿಸ್ತೂಲು ಬೇಗ ಕೈಗೆ ಸಿಗುವಂತೆ ಇಡಬಹುದು. ತೋಳಿನಲ್ಲಿ ಬಲ ಕಮ್ಮಿ ಇದ್ದವರೂ ಹಿಡಿಯಬಹುದು. ಒಂದು ಕೈಯಲ್ಲಿ ಕಳ್ಳನಿಗೆ ಗುರಿ ಇಟ್ಟು ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಫೋನ್ ಮಾಡಬಹುದು. ಈ ಕೊನೆಯ ಮಾತು ಓದುವಾಗ ಸ್ವಲ್ಪ ಸಿನಿಮಾ ದೃಶ್ಯದಂತೆ ಕಾಣುತ್ತದೆ, ಇರಲಿ.

ಈ ಹಕ್ಕಿಗೆ ಮಿತಿ ಇದೆ ಅಂತಲೂ ಅದೇ ತೀರ್ಪು ಹೇಳಿತು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ, ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಗನ್ ಕೊಡಬಾರದು ಎಂಬ ಕಾನೂನು ಉಳಿಯುತ್ತದೆ. ಶಾಲೆ, ಸರ್ಕಾರಿ ಕಟ್ಟಡದಂಥ ಜಾಗಗಳಲ್ಲಿ ನಿಷೇಧ ಉಳಿಯುತ್ತದೆ. ಮಾರಾಟಕ್ಕೆ ಷರತ್ತು ಹಾಕಬಹುದು. ಗನ್ ಪರ ಇರುವವರು ತೀರ್ಪಿನ ಮೊದಲ ಭಾಗವನ್ನೂ ವಿರೋಧಿಗಳು ಈ ಭಾಗವನ್ನೂ ಬಾಯಿಪಾಠ ಮಾಡಿಕೊಂಡಿದ್ದಾರೆ.

ಡಿ.ಸಿ. ರಾಜ್ಯವಲ್ಲ, ಕೇಂದ್ರದ ಪ್ರದೇಶ. ಹಾಗಾಗಿ ಉಳಿದ ನಗರಗಳಿಗೆ ಈ ತೀರ್ಪು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಶಿಕಾಗೋದಿಂದ ಬಂತು. ಅಲ್ಲೂ 1982ರಿಂದ ಪಿಸ್ತೂಲಿನ ಹೊಸ ನೋಂದಣಿ ಇರಲಿಲ್ಲ. ಓಟಿಸ್ ಮೆಕ್‌ಡೊನಾಲ್ಡ್ ಎಪ್ಪತ್ತು ದಾಟಿದ ನಿವೃತ್ತ ಕೆಲಸಗಾರ, ಕಪ್ಪು ಸಮುದಾಯದವರು. ಅವರ ಮನೆಗೆ ಮತ್ತೆ ಮತ್ತೆ ಕಳ್ಳರು ನುಗ್ಗಿದ್ದರು. 2010ರ ಜೂನ್ 28ರಂದು ಸುಪ್ರೀಂ ಕೋರ್ಟ್ ಮತ್ತೆ ಐದು-ನಾಲ್ಕರಲ್ಲಿ, ರಾಜ್ಯಗಳಿಗೂ ನಗರಗಳಿಗೂ ಎರಡನೇ ತಿದ್ದುಪಡಿ ಅನ್ವಯ ಅಂದಿತು.

ಆಮೇಲೆ ಶಿಕಾಗೋ ಮಾಡಿದ್ದು ನೋಡಿ. ವಾರದೊಳಗೆ ಹೊಸ ಕಾನೂನು ತಂದಿತು. ಪಿಸ್ತೂಲು ಇಡಬಹುದು, ಆದರೆ ಮನೆಯ ಒಳಗೆ ಮಾತ್ರ. ಜಗಲಿ, ಅಂಗಳ, ಗ್ಯಾರೇಜು 'ಮನೆ'ಯ ಲೆಕ್ಕಕ್ಕೆ ಬರಲ್ಲ. ಅನುಮತಿ ಬೇಕಾದರೆ ಶೂಟಿಂಗ್ ರೇಂಜ್‌ನಲ್ಲಿ ಒಂದು ಗಂಟೆ ತರಬೇತಿ ಪಡೆದಿರಬೇಕು. ಅದೇ ಕಾನೂನಿನ ಇನ್ನೊಂದು ಕಲಮು ನಗರದೊಳಗೆ ಸಾರ್ವಜನಿಕ ಶೂಟಿಂಗ್ ರೇಂಜ್ ಇರಕೂಡದು ಅಂತ ಹೇಳುತ್ತಿತ್ತು! ಮರುವರ್ಷ ಮೇಲ್ಮನವಿ ಕೋರ್ಟು ಆ ಕಲಮಿಗೆ ತಡೆ ಹಾಕಿತು. ಡಿ.ಸಿ.ಯಲ್ಲೂ ಇಂಥದ್ದೇ ಕಥೆ. ಪಿಸ್ತೂಲನ್ನು ಬೇರೆ ರಾಜ್ಯದಲ್ಲಿ ಕೊಂಡರೂ ತಾವಿರುವ ರಾಜ್ಯದ, ಇಲ್ಲಿ ಡಿ.ಸಿ.ಯ, ಲೈಸೆನ್ಸ್ ಇರುವ ಡೀಲರ್ ಮೂಲಕ ಪಡೆಯಬೇಕು ಅನ್ನುವುದು ಕೇಂದ್ರದ ಕಾನೂನು. ಡಿ.ಸಿ.ಯಲ್ಲಿ ಸಾಮಾನ್ಯ ಜನರಿಗೆ ಈ ಕೆಲಸ ಮಾಡಿಕೊಡುತ್ತಿದ್ದ ಡೀಲರ್ ಒಬ್ಬರೇ. 2011ರಲ್ಲಿ ಅವರ ಬಾಡಿಗೆ ಕರಾರು ಮುಗಿದು ಬೇರೆ ಜಾಗ ಸಿಗದೆ ಹೋಯಿತು. ಕೊನೆಗೆ ಪೊಲೀಸ್ ಪ್ರಧಾನ ಕಚೇರಿಯ ಕಟ್ಟಡದಲ್ಲೇ ನಗರ ಅವರಿಗೆ ಕೋಣೆ ಕೊಡಬೇಕಾಯಿತು. ಹಕ್ಕನ್ನು ಒಪ್ಪಿಕೊಂಡು ದಾರಿಯನ್ನು ಮುಚ್ಚುವ ಈ ಚಾಳಿ ನಗರಗಳಿಗೆ ಒಳ್ಳೆಯದು ಮಾಡಲಿಲ್ಲ. ಮತ್ತೆ ಮತ್ತೆ ಕೋರ್ಟಿನಲ್ಲಿ ಸೋತು, ಪ್ರತಿ ಸೋಲಿನಿಂದ ಕಾನೂನು ಇನ್ನಷ್ಟು ಬಿಗಿಯಾಯಿತು, ಅದೂ ನಗರಗಳ ವಿರುದ್ಧವೇ.

ಗನ್ ಇಟ್ಟುಕೊಳ್ಳುವವರ ವಾದದಲ್ಲಿ ನನಗೆ ಗಟ್ಟಿ ಅನ್ನಿಸುವ ಅಂಶ ಸಂವಿಧಾನದ ಇತಿಹಾಸದ್ದಲ್ಲ, ಪೊಲೀಸರದ್ದು. 1975ರಲ್ಲಿ ಡಿ.ಸಿ.ಯ ಒಂದು ಮನೆಗೆ ದುಷ್ಕರ್ಮಿಗಳು ನುಗ್ಗಿದರು. ಮೇಲಿನ ಮಹಡಿಯಲ್ಲಿದ್ದ ಮಹಿಳೆಯರು ಎರಡು ಸಲ ಪೊಲೀಸರಿಗೆ ಫೋನ್ ಮಾಡಿದರು. ಮೊದಲ ಸಲ ಬಂದ ಪೊಲೀಸರು ಬಾಗಿಲು ತಟ್ಟಿ, ಯಾರೂ ತೆರೆಯದ್ದಕ್ಕೆ ವಾಪಸ್ ಹೋದರು. ಎರಡನೇ ಕರೆಗೆ ಯಾರನ್ನೂ ಕಳಿಸಲೇ ಇಲ್ಲ. ಪೊಲೀಸರು ಬಂದಿದ್ದಾರೆ ಎಂದು ನಂಬಿ ಕೆಳಗಿನ ಮಹಡಿಯಲ್ಲಿದ್ದ ಮಹಿಳೆಯನ್ನು ಕೂಗಿ ಕರೆದ ಆ ಮಹಿಳೆಯರೂ ದುಷ್ಕರ್ಮಿಗಳ ಕೈಗೆ ಸಿಕ್ಕರು. ಗಂಟೆಗಟ್ಟಲೆ ನರಕ ಅನುಭವಿಸಿದರು. ಅವರು ಹೂಡಿದ ಮೊಕದ್ದಮೆಯಲ್ಲಿ 1981ರಲ್ಲಿ ಡಿ.ಸಿ.ಯ ಮೇಲ್ಮನವಿ ಕೋರ್ಟು ಹೇಳಿದ್ದು: ಪೊಲೀಸರ ಕರ್ತವ್ಯ ಒಟ್ಟು ಸಾರ್ವಜನಿಕರ ಕಡೆಗೆ, ಒಬ್ಬೊಬ್ಬ ನಾಗರಿಕರನ್ನು ಕಾಪಾಡುವ ಕಾನೂನುಬದ್ಧ ಹೊಣೆ ಅವರಿಗಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬೇರೊಂದು ಕೇಸಿನಲ್ಲಿ ಇದೇ ಧಾಟಿಯಲ್ಲಿ ಮಾತಾಡಿತು. ಪೊಲೀಸರು ಬರುತ್ತಾರೆ, ನೀವು ಗನ್ ಇಡಬೇಡಿ ಎನ್ನುವ ನಗರ, ಪೊಲೀಸರು ಬರದಿದ್ದರೆ ನಾವು ಹೊಣೆಯಲ್ಲ ಅಂತಲೂ ಹೇಳಿದರೆ ಜನ ಏನು ಮಾಡಬೇಕು?

ಸರಿ, ಈಗ ಮನೆಯೊಳಗೆ ಹೋಗೋಣ. ಕಳ್ಳ ಬರದ ರಾತ್ರಿಗಳೇ ಜಾಸ್ತಿ ಅಲ್ವಾ? ಆ ರಾತ್ರಿಗಳಲ್ಲೂ ಪಿಸ್ತೂಲು ಅಲ್ಲೇ ಇರುತ್ತದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, 26,328 ಜನರದ್ದು ಆತ್ಮಹತ್ಯೆ. ಟಿವಿಯಲ್ಲಿ ಕಾಣುವ ಸಾಮೂಹಿಕ ಹತ್ಯೆಗಳ ಪಾಲು ಇದರಲ್ಲಿ ಬಹಳ ಚಿಕ್ಕದು. ಕ್ಯಾಲಿಫೋರ್ನಿಯಾದಲ್ಲಿ ಗನ್ ಖರೀದಿಯ ದಾಖಲೆಯನ್ನು ಸಾವಿನ ದಾಖಲೆಯ ಜೊತೆ ಹೊಂದಿಸಿ ಕೋಟಿಗಟ್ಟಲೆ ಜನರ ಮೇಲೆ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಪಿಸ್ತೂಲು ಇರುವ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಪಿಸ್ತೂಲು ಇಲ್ಲದ ಗಂಡಸರಿಗಿಂತ ಸುಮಾರು 8 ಪಟ್ಟು. ಹೆಂಗಸರಲ್ಲಿ 35 ಪಟ್ಟು. ಬದುಕು ಸಾಕು ಅನ್ನಿಸುವ ಘಳಿಗೆ ಬಹಳ ಜನಕ್ಕೆ ಬಂದು ಹೋಗಿಬಿಡುತ್ತದೆ. ಗನ್ ಕೈಗೆ ಸಿಕ್ಕರೆ ಹೋಗಿಬಿಡುವಷ್ಟು ಸಮಯ ಸಿಗುವುದಿಲ್ಲ.

ಅದೇ ತಂಡ 2022ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಈ ಸಲ ನೋಡಿದ್ದು ಗನ್ ಒಡೆಯರನ್ನಲ್ಲ, ಅವರ ಜೊತೆ ಒಂದೇ ಮನೆಯಲ್ಲಿ ಇರುವವರನ್ನು. ಅವರು ಕೊಲೆಯಾಗುವ ಪ್ರಮಾಣ ಗನ್ ಇಲ್ಲದ ಮನೆಯವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಮನೆಯಲ್ಲೇ ಗಂಡ, ಹೆಂಡತಿ ಅಥವಾ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಸುಮಾರು 7 ಪಟ್ಟು. ಹಾಗೆ ಬಲಿಯಾದವರಲ್ಲಿ ಹೆಂಗಸರೇ ಬಹುಪಾಲು. ಹೊರಗಿನವರ ದಾಳಿಯಿಂದ ಈ ಮನೆಗಳಿಗೆ ಹೆಚ್ಚಿನ ರಕ್ಷಣೆ ಸಿಕ್ಕಿದ್ದಕ್ಕೆ ಆಧಾರ ಸಿಗಲಿಲ್ಲ.

ಇದಕ್ಕೆ ಎದುರು ಮಾತು ಇದೆ. ಗನ್ ತೋರಿಸಿದ ಕೂಡಲೇ ಕಳ್ಳ ಓಡಿಹೋದರೆ ಅದು ಯಾವ ಸಾವಿನ ಪಟ್ಟಿಯಲ್ಲೂ ಬರುವುದಿಲ್ಲ. ಅಂಥ ಘಟನೆಗಳು ವರ್ಷಕ್ಕೆ 25 ಲಕ್ಷ ಎಂದು 1995ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ಸರ್ಕಾರದ ಅಪರಾಧ ಸಮೀಕ್ಷೆಯ ಪ್ರಕಾರ ಒಂದು ಲಕ್ಷದ ಒಳಗೆ. ಇಷ್ಟು ಅಂತರಕ್ಕೆ ಮುಖ್ಯ ಕಾರಣ ಪ್ರಶ್ನೆ ಕೇಳುವ ರೀತಿ. ಸರ್ಕಾರಿ ಸಮೀಕ್ಷೆ ಮೊದಲು ನಿಮ್ಮ ಮೇಲೆ ಅಪರಾಧ ನಡೆಯಿತೇ ಎಂದು ಕೇಳುತ್ತದೆ, ಹೌದು ಅಂದವರನ್ನು ಮಾತ್ರ ಮುಂದಿನ ಪ್ರಶ್ನೆಗೆ ಒಯ್ಯುತ್ತದೆ. ಇನ್ನೊಂದು ಸಮೀಕ್ಷೆ ಕೆಲವು ಸಾವಿರ ಜನರನ್ನು ನೇರವಾಗಿ ಗನ್ ಬಳಸಿದ್ದೀರಾ ಎಂದೇ ಕೇಳಿ, ಬಂದ ಉತ್ತರವನ್ನು ಇಡೀ ದೇಶಕ್ಕೆ ಹಿಗ್ಗಿಸಿತು. ಅಲ್ಲಿ ನೂರರಲ್ಲಿ ಒಬ್ಬರು ಸುಮ್ನೆ ಹೌದು ಅಂದರೂ ಲಕ್ಷಗಟ್ಟಲೆ ಏರುತ್ತದೆ. ಹಾಗಂತ ಸರ್ಕಾರಿ ಲೆಕ್ಕವನ್ನೇ ಹಿಡಿದರೂ ಅದು ಹತ್ತಾರು ಸಾವಿರ ಘಟನೆ. ಸೊನ್ನೆಯಂತೂ ಅಲ್ಲ.

ನಿಷೇಧ ಇದ್ದಾಗ ನಗರಗಳು ಸುರಕ್ಷಿತವಾಗಿದ್ದವೇ? ಡಿ.ಸಿ. ಕಾನೂನು ಬಂದ ಮೇಲೆ ಗುಂಡಿನ ಕೊಲೆ ಮತ್ತು ಆತ್ಮಹತ್ಯೆ ಎರಡೂ ಸುಮಾರು ಕಾಲು ಭಾಗ ಇಳಿದವು ಎಂದು 1991ರಲ್ಲಿ ಒಂದು ಅಧ್ಯಯನ ಬಂತು. ಅದೇ 1991ರಲ್ಲಿ, ಅದೇ ನಗರದಲ್ಲಿ, ಕ್ರ್ಯಾಕ್ ಕೊಕೇನ್ ದಂಧೆಯ ಉತ್ತುಂಗದಲ್ಲಿ 480ರ ಹತ್ತಿರ ಕೊಲೆಗಳಾದವು. ನಿಷೇಧ ಬಿದ್ದುಹೋಗಿ ನಾಲ್ಕು ವರ್ಷದ ಮೇಲೆ, 2012ರಲ್ಲಿ ಕೊಲೆಗಳು 88ಕ್ಕೆ ಇಳಿದವು. 2023ರಲ್ಲಿ ಮತ್ತೆ 274. ನಿಷೇಧ ಹೋದರೆ ರಕ್ತ ಹರಿಯುತ್ತದೆ ಅಂದವರೂ, ಜನರ ಕೈಗೆ ಗನ್ ಬಂದರೆ ಅಪರಾಧ ಇಳಿಯುತ್ತದೆ ಅಂದವರೂ ಈ ಅಂಕಿಗಳಲ್ಲಿ ತಮಗೆ ಬೇಕಾದ ವರ್ಷ ಆರಿಸಿಕೊಳ್ಳಬಹುದು. ಶಿಕಾಗೋ ಪೊಲೀಸರಿಗೆ ಸಿಗುವ ಗನ್‌ಗಳ ಮೂಲ ಹುಡುಕಿದ 2017ರ ವರದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆ ರಾಜ್ಯದವು. ಪಕ್ಕದ ಇಂಡಿಯಾನಾ ಒಂದರಿಂದಲೇ ಐದರಲ್ಲಿ ಒಂದು. ನಗರದ ಗಡಿ ದಾಟಿ ಸ್ವಲ್ಪ ದೂರ ಕಾರು ಓಡಿಸಿದರೆ ಬೇರೆ ಕಾನೂನು ಶುರುವಾಗುವಾಗ, ಒಂದು ನಗರ ಒಂಟಿಯಾಗಿ ನಿಷೇಧ ಹಾಕುವುದು ಪಕ್ಕದ ಗದ್ದೆಯ ತೂಬು ತೆರೆದಿಟ್ಟು ನಮ್ಮ ಗದ್ದೆಯ ನೀರು ಬಸಿದ ಹಾಗೆ.

ಅಧ್ಯಯನಗಳು ಬರುತ್ತಲೇ ಇವೆ, ಆದರೆ ಕಾನೂನು ಅವುಗಳ ಕಡೆ ನೋಡುವುದನ್ನೇ ಬಿಟ್ಟಿದೆ. ಇವತ್ತಿನ ನಿಜವಾದ ಸಮಸ್ಯೆ ಇದು. ಹೆಲ್ಲರ್ ಕೇಸಿನಲ್ಲಿ ಭಿನ್ನಮತ ಬರೆದ ಸ್ಟೀಫನ್ ಬ್ರೇಯರ್, ಹಕ್ಕನ್ನೂ ಸಾರ್ವಜನಿಕ ಸುರಕ್ಷತೆಯನ್ನೂ ತೂಗಿ ನೋಡಬೇಕು ಅಂದಿದ್ದರು. 1783ರ ಬೋಸ್ಟನ್ ಕಾನೂನೊಂದನ್ನೂ ಅವರು ಎತ್ತಿ ತೋರಿಸಿದ್ದರು. ಗುಂಡು ತುಂಬಿದ ಬಂದೂಕನ್ನು ಮನೆಯೊಳಗೆ ತರಬಾರದು ಎನ್ನುವ ಕಾನೂನು ಅದು. ಅದು ಬೆಂಕಿಯ ಭಯಕ್ಕೆ ಮಾಡಿದ್ದು ಎಂದು ಸ್ಕಾಲಿಯಾ ತಳ್ಳಿಹಾಕಿದರು. 2022ರಲ್ಲಿ ಮನೆಯ ಹೊರಗೆ ಪಿಸ್ತೂಲು ಒಯ್ಯಲು ವಿಶೇಷ ಕಾರಣ ತೋರಿಸಬೇಕು ಎನ್ನುವ ನ್ಯೂಯಾರ್ಕ್ ರಾಜ್ಯದ ನೂರು ವರ್ಷಕ್ಕೂ ಹಳೆಯ ಲೈಸೆನ್ಸ್ ನಿಯಮವನ್ನು ಆರು-ಮೂರರಲ್ಲಿ ಹೊಡೆದುಹಾಕಿದ ಬ್ರೂಯೆನ್ ತೀರ್ಪಿನಲ್ಲಿ ಕ್ಲಾರೆನ್ಸ್ ಥಾಮಸ್ ಆ ತಕ್ಕಡಿಯನ್ನೇ ಬದಿಗಿಟ್ಟರು. ಇನ್ನು ಮುಂದೆ ಕೇಳಬೇಕಾದ ಪ್ರಶ್ನೆ ಒಂದೇ: ಇಂಥ ನಿರ್ಬಂಧ ದೇಶದ ಇತಿಹಾಸ, ಸಂಪ್ರದಾಯದಲ್ಲಿ ಇತ್ತೇ? ಹೀಗಾಗಿ 7 ಪಟ್ಟು, 35 ಪಟ್ಟು ಅನ್ನುವ ಅಂಕಿಗಳನ್ನು ಒಂದು ನಗರ ಕೋರ್ಟಿಗೆ ಒಯ್ದರೂ ಹೆಚ್ಚು ಪ್ರಯೋಜನವಿಲ್ಲ. ಅದರ ಬದಲು ಹದಿನೆಂಟನೇ ಶತಮಾನದ ಊರ ಕಟ್ಟಳೆಗಳನ್ನು ಹುಡುಕಿಕೊಂಡು ಹೋಗಬೇಕು. ಹೆಂಡತಿಯನ್ನು ಹೊಡೆಯುವುದನ್ನು ಅಪರಾಧ ಅಂತ ಕೋರ್ಟುಗಳು ಲೆಕ್ಕಿಸದಿದ್ದ ಕಾಲದಲ್ಲಿ, ಹೆಂಡತಿಯನ್ನು ಹೊಡೆಯುವವನ ಗನ್ ಕಿತ್ತುಕೊಳ್ಳುವ ಕಾನೂನು ಎಲ್ಲಿಂದ ಸಿಗಬೇಕು? 2024ರಲ್ಲಿ ಈ ಪ್ರಶ್ನೆಯೇ ಸುಪ್ರೀಂ ಕೋರ್ಟಿನ ಮುಂದೆ ಬಂತು. ಎಂಟು-ಒಂದರಲ್ಲಿ ಕೋರ್ಟು ಸ್ವಲ್ಪ ಸಡಿಲಿಸಿತು. ಬೇರೆಯವರಿಗೆ ಅಪಾಯ ಎಂದು ಕೋರ್ಟು ಕಂಡುಕೊಂಡ ವ್ಯಕ್ತಿಯಿಂದ ಗನ್ ತೆಗೆದಿಡಬಹುದು, ಹಳೆಯ ಕಾನೂನು ತದ್ರೂಪು ಇರಬೇಕಿಲ್ಲ, ತತ್ವ ಹೊಂದಿದರೆ ಸಾಕು ಅಂದಿತು. ಒಬ್ಬರೇ ಒಪ್ಪದಿದ್ದವರು, ಬ್ರೂಯೆನ್ ತೀರ್ಪು ಬರೆದ ಥಾಮಸ್.

ಹಾಗಾದರೆ ನಗರಗಳಿಗೆ ಏನು ಉಳಿದಿದೆ? ಸ್ಯಾನ್ ಫ್ರಾನ್ಸಿಸ್ಕೋ ಒಂದು ದಾರಿ ತೋರಿಸಿದೆ. ಅಲ್ಲಿ ಮನೆಯಲ್ಲಿರುವ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿರಬೇಕು ಅಥವಾ ಅದಕ್ಕೆ ಟ್ರಿಗರ್ ಬೀಗ ಇರಬೇಕು. ಆದರೆ ಒಡೆಯ ಅದನ್ನು ಮೈಮೇಲೆ ಇಟ್ಟುಕೊಂಡಿದ್ದರೆ ಬೀಗ ಬೇಡ. ಗುಂಡು ತುಂಬಿಡಬಾರದು ಎಂಬ ನಿಯಮವೂ ಇಲ್ಲ. 2014ರಲ್ಲಿ ಮೇಲ್ಮನವಿ ಕೋರ್ಟು ಇದನ್ನು ಎತ್ತಿಹಿಡಿಯಿತು, ಮರುವರ್ಷ ಸುಪ್ರೀಂ ಕೋರ್ಟು ಮಧ್ಯೆ ಬರಲಿಲ್ಲ. ಬ್ರೂಯೆನ್ ನಂತರ ಇಂಥ ಕಾನೂನುಗಳೂ ಮತ್ತೆ ಪರೀಕ್ಷೆಗೆ ಒಳಗಾಗಬಹುದು. ಆದರೂ ಡಿ.ಸಿ. ಮಾಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಎಚ್ಚರವಾಗಿರುವ ದೊಡ್ಡವರ ಕೈಗೆ ಗನ್ ಸಿಗುತ್ತದೆ, ಮಗುವಿಗೆ, ಕುಡಿದು ಬಂದ ತಮ್ಮನಿಗೆ, ಮನಸ್ಸು ಕೆಟ್ಟ ಹದಿಹರೆಯದವನಿಗೆ ಸಿಗುವುದಿಲ್ಲ. ಡಿ.ಸಿ. 1976ರಲ್ಲೇ ಇಂಥ ಒಂದು ವಾಕ್ಯ ಬರೆದಿದ್ದರೆ ಹೆಲ್ಲರ್ ಕೇಸು ಇಷ್ಟು ಸುಲಭವಾಗಿ ಗೆಲ್ಲುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಪೂರ್ತಿ ನಿಷೇಧ ಕೇಳಿ ನಗರಗಳು ಅರ್ಧ ನಿಯಂತ್ರಣವನ್ನೂ ಕಳೆದುಕೊಂಡವು.

ನಮ್ಮಲ್ಲಿ ಲೆಕ್ಕವೇ ಬೇರೆ. ರಾತ್ರಿ ಮನೆಗೆ ಕನ್ನ ಹಾಕಿ ನುಗ್ಗಿದವನ ವಿರುದ್ಧ ಪ್ರಾಣ ತೆಗೆಯುವವರೆಗೂ ಹೋಗಬಹುದಾದ ಸ್ವರಕ್ಷಣೆಯ ಹಕ್ಕನ್ನು, ಷರತ್ತಿನ ಮೇಲೆ, ಭಾರತದ ದಂಡ ಕಾನೂನು ಕೊಟ್ಟಿದೆ. ಆದರೆ ಆಯುಧ ಇಟ್ಟುಕೊಳ್ಳುವುದು ಹಕ್ಕಲ್ಲ, 1959ರ ಆಯುಧ ಕಾಯ್ದೆಯಡಿ ಕೊಡುವ ಲೈಸೆನ್ಸು. ಕೊಡಗು ಇದಕ್ಕೆ ಹೊರತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2029ರವರೆಗೆ ವಿಸ್ತರಿಸಿದ ಆ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ನೇರವಾಗಿ ತಟ್ಟುವ ಸಂಗತಿಗಳಿವೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ ಇಟ್ಟುಕೊಳ್ಳುವುದು ಕೇಂದ್ರದ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇರುವವರಿಗೆ ಒಂದಿಷ್ಟು ವಿನಾಯಿತಿ ಇದೆ, ಆದರೆ ವೀಸಾ ಪಣಕ್ಕಿಡುವ ಮೊದಲು ವಕೀಲರನ್ನು ಕೇಳುವುದು ಲೇಸು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಹೆಲ್ಲರ್ ಕೊಟ್ಟ ಹಕ್ಕು ತಮಗಿಲ್ಲದಿದ್ದರೂ ಪಕ್ಕದ ಮನೆಯವರಿಗೆ ಇದ್ದೇ ಇದೆ. ಮಕ್ಕಳು ಆಡಲು ಹೋಗುವುದು ಆ ಮನೆಗೇ. ಈಜುಕೊಳ ಇದೆಯಾ, ನಾಯಿ ಇದೆಯಾ ಅಂತ ಕೇಳುವಾಗಲೇ ಗನ್ ಇದೆಯಾ, ಇದ್ದರೆ ಬೀಗ ಹಾಕಿದೆಯಾ, ಗುಂಡುಗಳು ಬೇರೆ ಕಡೆ ಇವೆಯಾ ಅಂತಲೂ ಕೇಳಿ ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘ ಬಹಳ ವರ್ಷಗಳಿಂದ ತಂದೆ ತಾಯಂದಿರಿಗೆ ಹೇಳುತ್ತಿದೆ. ಕೇಳಲು ಮುಜುಗರ ಆಗಬಹುದು. ಗನ್ ಇಟ್ಟುಕೊಂಡು ಜವಾಬ್ದಾರಿಯಿಂದ ಇರುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.